ಷಡ್ಡಕರ ಕ್ಷಮಾಪಣೆ

ಅಕ್ಕ ತಂಗಿಯರನ್ನು ಮದುವೆಯಾಗಿದ್ದ ಷಡ್ಡಕರಿಬ್ಬರು ಹಾಸಿಗೆ ಕಾರ್ಖಾನೆ ನಡೆಸುತ್ತಿದ್ದರು. ಒಂದೇ ಕೋಣೆ, ಬೆನ್ನಿಗೆ ಬೆನ್ನು ತಾಗುವ ಎರಡು ಕುರ್ಚಿ. ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಫ್ಯಾನ್ ಜೋರು ಮಾಡಬೇಕೆಂದರೆ ದೊಡ್ಡವರು ಇಮೇಲ್ ಕಳಿಸುತ್ತಿದ್ದರು. ಚಿಕ್ಕವರು ಅದನ್ನು ಓದಿ ‘ಆಗುವುದಿಲ್ಲ’ ಎಂದು ಉತ್ತರಿಸುತ್ತಿದ್ದರು. ಉದ್ದನೆಯ ಬೈಗುಳಗಳನ್ನು ಮಾತ್ರ ಟೈಪಿಸ್ಟ್ ಹುಡುಗಿಯ ಕಿವಿಯಲ್ಲಿ ಪಿಸುಗುಟ್ಟಿ ಬರೆಸುತ್ತಿದ್ದರು.

ಒಂದು ದಿನ ದೊಡ್ಡವರು ಬರೆಸಿದರು: ‘ಕಾರ್ಖಾನೆ ಪಾಲಾಗಲಿ. ಹತ್ತಿ ನನಗೆ, ಹೊಲಿಗೆ ಮೆಷಿನ್ ನಿನಗೆ.’ ಚಿಕ್ಕವರು ‘ಒಪ್ಪಿದೆ’ ಎಂದರು. ಟೈಪಿಸ್ಟ್ ಯಾರ ಪಾಲಿಗೆ ಎಂದು ಇಬ್ಬರೂ ಬರೆಸಲಿಲ್ಲ. ಅವಳ ಕೆಲಸ ಹೋದಂತೆಯೇ.

ಅವಳ ತಮ್ಮ ಕಂಪ್ಯೂಟರ್ ರಿಪೇರಿಯವನು. ಅವನು ಹೇಳಿದ, “ಲಕೋಟೆ ಹಿಂದೆ ಯಾರ ಹೆಸರು ಬರೆದ್ರೂ ಅಂಚೆಯವನು ಕೇಳ್ತಾನಾ? ಇಮೇಲೂ ಅಷ್ಟೇ ಕಣಕ್ಕ. ಕಳಿಸಿದವರು ಅನ್ನೋ ಜಾಗದಲ್ಲಿ ಬೇರೆಯವರ ವಿಳಾಸ ಹಾಕಬಹುದು. ನಿಮ್ಮ ಹಳೇ ಸರ್ವರ್ ಅದನ್ನ ಪರೀಕ್ಷೆನೂ ಮಾಡಲ್ಲ.”

ಮರುದಿನ ಇಬ್ಬರಿಗೂ ಪರಸ್ಪರರ ವಿಳಾಸದಿಂದ ಒಂದೇ ಮೇಲ್ ಬಂತು: ‘ತಪ್ಪು ನನ್ನದೇ. ಕ್ಷಮಿಸಿ. ಪಾಲು ಬೇಡ.’

ಇಬ್ಬರೂ ಮೀಸೆಯಡಿ ನಕ್ಕರು. ದೊಡ್ಡವರಿಗೆ ಆ ಖುಷಿಯನ್ನು ಟೈಪು ಮಾಡುವ ತಾಳ್ಮೆ ಉಳಿಯಲಿಲ್ಲ.

“ಕಡೆಗೂ ದಾರಿಗೆ ಬಂದೆಯಲ್ಲ. ಹೋಗಲಿ, ಕ್ಷಮಿಸಿದ್ದೀನಿ.”

“ಕ್ಷಮೆ ಕೇಳಿದ್ದು ನೀವು,” ಎಂದರು ಚಿಕ್ಕವರು.

“ನಾನಾ? ನಿನ್ನ ಹತ್ರ? ನನಗೇನು ಜ್ವರ ಬಂದಿತ್ತಾ?”

ಕುರ್ಚಿಗಳು ತಿರುಗಿದವು. ಎರಡೂ ಮೇಲ್ ಓದಿದರು. ರಿಪೇರಿಯವನನ್ನು ಕರೆಸಿದರು. ಅವನು ಅಕ್ಕನ ಮುಖ ನೋಡದೆ, “ಎರಡೂ ನಕಲಿ ಸಾರ್,” ಎಂದ.

ಟೈಪಿಸ್ಟ್ ಕಾಲ ಹೆಬ್ಬೆರಳಿನಿಂದ ಚಪ್ಪಲಿ ಹುಡುಕತೊಡಗಿದಳು.

“ಹಾಗಾದ್ರೆ ಆ ಪಾಲಿನ ಇಮೇಲ್?” ಎಂದರು ಚಿಕ್ಕವರು.

ದೊಡ್ಡವರು ಗಂಟಲು ಸರಿಮಾಡಿಕೊಂಡರು. ಪಾಲಿನ ಸುದ್ದಿ ತಿಳಿದಂದಿನಿಂದ ಮನೆಯಲ್ಲಿ ಹೆಂಡತಿ ಅವರ ಜೊತೆಗೂ ಮಾತು ಬಿಟ್ಟಿದ್ದಳು.

“ಅದೂ ನಕಲಿಯೇ. ನಾನ್ಯಾಕೆ ಬರೀಲಿ? ಏನಮ್ಮಾ?”

ಅಕ್ಷರ ಅಕ್ಷರವಾಗಿ ಅದನ್ನು ಬರೆದುಕೊಂಡಿದ್ದವಳು ತಲೆಯಾಡಿಸಿದಳು. “ನಕಲಿನೇ ಸಾರ್. ನೋಡಿದ ಕೂಡಲೇ ಗೊತ್ತಾಗುತ್ತೆ.”

“ನನ್ನ ಒಪ್ಪಿಗೆಯೂ ನಕಲಿ,” ಎಂದರು ಚಿಕ್ಕವರು ತಡಮಾಡದೆ.

ಪಾಲು ರದ್ದಾಯಿತು. ಇನ್ನು ಮೇಲ್ ನಂಬುವಂತಿಲ್ಲ ಎಂದು ಇಬ್ಬರೂ ಒಪ್ಪಿ, ಕುರ್ಚಿಗಳನ್ನು ಮತ್ತೆ ಮೊದಲಿನಂತೆ ತಿರುಗಿಸಿಕೊಂಡರು. ಅವನ್ನು ತುಸು ಸರಿಸಿ, ಟೈಪಿಸ್ಟ್ ಹುಡುಗಿಯ ಸ್ಟೂಲನ್ನು ನಡುವೆ ಹಾಕಿಸಿದರು.

“ಫ್ಯಾನ್ ಜೋರು ಮಾಡಬೇಕಂತೆ ಸಾರ್,” ಎಂದಳು ಅವಳು ಎಡಕ್ಕೆ ತಿರುಗಿ.

“ಆಗಲ್ಲ ಅನ್ನು.”

ಅವಳು ಬಲಕ್ಕೆ ತಿರುಗಿದಳು.