ಆರದ ಭಟ್ಟಿ

ಬೆಕ್ಕು ಭಟ್ಟಿಯ ಮೇಲೆ ಹತ್ತಿ ಮಲಗಿದ್ದನ್ನು ಮೊದಲು ನೋಡಿದವನು ಮಾವ. ನೋಡಿದ, ನಕ್ಕ, ಮತ್ತೆ ಅರ್ಜಿಯ ಕಾಗದಗಳಲ್ಲಿ ಮುಳುಗಿದ. ಬೇಕರಿಯ ಬೆಕ್ಕು ಬೇಕರಿಯ ಇಟ್ಟಿಗೆ ಭಟ್ಟಿ ಬಿಟ್ಟು ಇನ್ನೆಲ್ಲಿ ಮಲಗೀತು? ಆದರೆ ಗಲ್ಲಾದ ಪಕ್ಕ ನಿಂತಿದ್ದ ಬನ್ನಕ್ಕ ನಗಲಿಲ್ಲ. ಆ ಬೆಕ್ಕು ಶುದ್ಧ ಸೋಮಾರಿ, ಬೆಚ್ಚಗಿಲ್ಲದ ಕಡೆ ಒಂದು ಗಳಿಗೆಯೂ ಕೂರುವ ಪೈಕಿಯಲ್ಲ. ಭಟ್ಟಿಗೆ ಬೆಂಕಿ ಹಾಕಿ ತಿಂಗಳು ಕಳೆದಿತ್ತು.

ಹೊಳೆ ಉಕ್ಕಿ ಬೀದಿಗೆ ನುಗ್ಗಿದ ದಿನ ಬೇಕರಿಯೂ ಮುಳುಗಿತ್ತು. ಮೈದಾ ಮೂಟೆಗಳು ಅಂಟಾಗಿ ಹೋದವು, ಹಿಟ್ಟು ಕಲಸುವ ಯಂತ್ರದ ಮೋಟರು ಸುಟ್ಟಿತು. ನೀರಿಳಿದ ಮೇಲೆ ಭಟ್ಟಿಯ ಮುಂದೆ ಕೆಸರು ಬಳಿದು ತೆಗೆಯುತ್ತಿದ್ದ ಅಪ್ಪ, ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಉಳಿದದ್ದು ಅಮ್ಮ, ಮಗಳು ಮತ್ತು ಗೋಡೆಯ ಮೇಲೆ ಎದೆಮಟ್ಟದ ಕೆಸರಿನ ಗೆರೆ. ಮಗಳಿಗೆ ಬನ್ನಕ್ಕ ಅಂತ ಹೆಸರಿಟ್ಟದ್ದು ಬೀದಿಯವರು. ದಿನದ ಕೊನೆಯ ಟ್ರೇಯ ಮೊದಲ ಬನ್ನನ್ನು ಅಪ್ಪ ಅವಳಿಗೇ ಕೊಡುತ್ತಿದ್ದ. ತಲೆಯಲ್ಲಿ ನರೆ ಇಣುಕಿದ ಮೇಲೂ ಅವಳು ಅದನ್ನು ಗಿರಾಕಿಗಳ ಎದುರೇ, ನಾಚಿಕೆಗೀಚಿಕೆ ಇಲ್ಲದೆ ತಿನ್ನುತ್ತಿದ್ದಳು.

ಮುಳುಗಿದ ಅಂಗಡಿಗಳಿಗೆ ತುರ್ತು ಪರಿಹಾರ ನಿಧಿಯಿಂದ ಹಣ ಕೊಡುತ್ತಾರೆಂಬ ಸುದ್ದಿ ಬಂದದ್ದೇ ಮಾವ ಓಡಿ ಬಂದಿದ್ದ. ಅಮ್ಮನ ತಮ್ಮ ಅವನು, ಗುಮಾಸ್ತನಾಗಿ ಅರ್ಜಿಗಳ ನಡುವೆಯೇ ಕೂದಲು ಉದುರಿಸಿಕೊಂಡವನು. ಕೆಸರಿನ ಗೆರೆಯ ಫೋಟೋ, ಮೋಟರಿನ ಫೋಟೋ, ಹಳೆಯ ರಸೀದಿ, ಬಾಡಿಗೆ ಪತ್ರ, ಎಲ್ಲವನ್ನೂ ಹೊಂದಿಸಿ ದಾರ ಕಟ್ಟಿದ. ಷರತ್ತು ಒಂದೇ. ನೆರೆ ಬಂದಂದಿನಿಂದ ಕೆಲಸ ಪೂರ್ತಿ ನಿಂತಿರಬೇಕು. ಒಳಗೊಳಗೇ ಬೇಯಿಸಿ ಮಾರಿಕೊಳ್ಳುತ್ತಿರುವವರಿಗೆ ಬಿಡಿಗಾಸೂ ಇಲ್ಲ.

"ನಮ್ದು ನಿಂತೇ ಇದೆಯಲ್ಲ ಮಾವ?"

"ನಿಂತಿದ್ರೆ ಸಾಲ್ದು ಕಣಮ್ಮ, ನಿಂತ ಹಾಗೆ ಕಾಣ್ಬೇಕು. ಒಳಗೆ ಕಾಲಿಟ್ರೆ ಅಧಿಕಾರಿಗೇ ಅಳು ಬರ್ಬೇಕು."

ಈ ಹಣ ಬಾರದಿದ್ದರೆ ಮುಂದಿನದು ಎಲ್ಲರಿಗೂ ಗೊತ್ತಿತ್ತು. ಕಟ್ಟಡದ ಯಜಮಾನ ಟೈರಿನ ವ್ಯಾಪಾರಿಗೆ ಆಗಲೇ ಮಾತು ಕೊಟ್ಟಿದ್ದ. ಅಪ್ಪ ಒಂದೊಂದೇ ಇಟ್ಟಿಗೆ ಜೋಡಿಸಿ ಕಟ್ಟಿದ ಭಟ್ಟಿಯನ್ನು ಒಡೆದು ಅಲ್ಲಿ ಟೈರು ಪೇರಿಸುತ್ತಾರೆ.

ಅಪ್ಪ ಹೋದ ಮೇಲೆ ಭಟ್ಟಿಯ ಕೋಣೆಗೆ ಕಾಲಿಡದಿದ್ದ ಬನ್ನಕ್ಕ ಈಗ ಒಳಗೆ ಹೋಗಿ ಬೆಕ್ಕಿನ ಪಕ್ಕ ಕೈಯಿಟ್ಟಳು. ಇಟ್ಟಿಗೆ ಬಿಸಿಯಾಗಿತ್ತು. ಕಬ್ಬಿಣದ ಬಾಗಿಲು ತೆರೆದಳು. ಬೆಂಕಿಯಿಲ್ಲ, ಕೆಂಡವಿಲ್ಲ, ಚಿಟಿಕೆ ಬೂದಿಯೂ ಇಲ್ಲ. ಆದರೆ ಝಳ ಮುಖಕ್ಕೆ ಹೊಡೆಯಿತು, ಜೊತೆಗೆ ಆಗಷ್ಟೇ ಬೆಂದ ಬನ್ನಿನ ಘಮ. ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಬಾಗಿಲಲ್ಲಿ ತಲೆ ಹಾಕಿ, "ಶುರು ಮಾಡಿದ್ರಾ? ಬಿಸಿ ಬನ್ ಇದೆಯಾ?" ಎಂದು ಕೇಳಿದರು.

ತಪಾಸಣೆಗೆ ಅಧಿಕಾರಿ ಬಂದದ್ದು ಅದೇ ಮಧ್ಯಾಹ್ನ. ಗೋಡೆ ನೋಡಿದಳು, ಮೋಟರು ನೋಡಿದಳು, ಪಾಪ ಪಾಪ ಅಂದಳು. ಆಮೇಲೆ ಅವಳ ಮೂಗು ಅರಳಿತು. ನೇರ ಒಳಗೆ ನಡೆದು ಭಟ್ಟಿಗೆ ಅಂಗೈ ಒತ್ತಿದವಳು ಚುರುಕ್ಕೆಂದು ಹಿಂದೆಗೆದಳು.

"ಇದೇನ್ರಿ?"

"ಬಿಸಿಲಿಗೆ ಮೇಡಂ," ಎಂದ ಮಾವ.

"ಕಿಟಕಿನೇ ಇಲ್ಲದ ಕೋಣೇಲಿ ಯಾವ ಬಿಸಿಲು? ನನ್ನ ಕಣ್ಣಿಗೆ ಮಣ್ಣೆರಚ್ಬೇಡಿ. ಮನೇಲಿ ಸಾವಾಗಿದೆ ಅಂತ ಒಂದು ಅವಕಾಶ ಕೊಡ್ತಿದೀನಿ. ನಾಳೆ ಬೆಳಿಗ್ಗೆ ಬರ್ತೀನಿ, ಭಟ್ಟಿ ತಣ್ಣಗಿರ್ಬೇಕು. ಇಲ್ಲಾಂದ್ರೆ ಅರ್ಜಿ ವಾಪಸ್."

ಅವಳು ಹೋದ ಮೇಲೆ ಮಾವ, ಬನ್ನಕ್ಕ ಇಬ್ಬರೂ ಬಕೆಟ್ಟುಗಟ್ಟಲೆ ನೀರು ಸುರಿದರು. ಚುಂಯ್ ಎಂದು ಹಬೆಯೆದ್ದು ಇಟ್ಟಿಗೆ ಮತ್ತೆ ಒಣಗಿತು. ಮಾವನ ಬಾಯಲ್ಲಿದ್ದ ತಮಾಷೆಯೆಲ್ಲ ಆ ಹಬೆಯ ಜೊತೆಗೇ ಹೋಯಿತು. ಖಾಲಿ ಡಬ್ಬದ ಮೇಲೆ ಕೂತಿದ್ದ ಅಮ್ಮ ಮಾತ್ರ ಒಂದಿಷ್ಟೂ ಬೆಚ್ಚಿರಲಿಲ್ಲ.

"ನೀರಿಗೆಲ್ಲ ಆರಲ್ಲ ಅದು," ಎಂದಳು. "ನಿಮ್ಮಪ್ಪ ಹೋದ ಮಾರನೇ ದಿನದಿಂದ ಹಂಗೇ ಇದೆ. ನಾನು ದಿನಾ ಬಂದು ಬೆನ್ನು ಕಾಯಿಸ್ಕೊಂಡು ಹೋಗ್ತೀನಿ."

"ಅಮ್ಮಾ! ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳ್ಬೇಕಾದೋಳು ನಾನಲ್ಲ, ನೀನು. ನೆರೆ ಬಂದ ದಿನ ಅವರು ಕೇಳಿದ್ದಕ್ಕೆ ಏನಂದೆ, ನೆನಪು ಮಾಡ್ಕೊ."

ಬನ್ನಕ್ಕನಿಗೆ ನೆನಪಾಯಿತು. ಗಲ್ಲಾದಿಂದ ಭಟ್ಟಿಯ ನೆತ್ತಿಯಷ್ಟೇ ಕಾಣುತ್ತದೆ, ಭಟ್ಟಿಯ ಮುಂದೆ ನಿಂತವನಿಗೆ ಅಂಗಡಿ ಕಾಣದು. ಗಿರಾಕಿಗಳಿದ್ದಾರೋ ಇಲ್ಲವೋ ತಿಳಿಯದೆ ಅಪ್ಪ ಒಳಗಿಂದಲೇ ಕೂಗುತ್ತಿದ್ದ, "ಇನ್ನೊಂದು ಟ್ರೇ ಇಡ್ಲೇನಮ್ಮಾ?" ಇವಳು ಗಲ್ಲಾದಿಂದ "ಇಡಪ್ಪಾ" ಎಂದರೆ ಇಡುವುದು, "ಸಾಕಪ್ಪಾ" ಎಂದರೆ ಭಟ್ಟಿ ಮುಚ್ಚುವುದು. ಮೈ ಸುಡುವ ಜ್ವರವಿದ್ದರೂ "ಸಾಕು" ಕಿವಿಗೆ ಬೀಳದೆ ಅವನು ಕೈತೊಳೆದವನಲ್ಲ. ನೆರೆಯ ದಿನ ಅಂಗಡಿ ತುಂಬ ಜನ. ಇವಳು "ಇಡಪ್ಪಾ" ಎಂದಿದ್ದಳು. ಅಷ್ಟರಲ್ಲಿ ನೀರು ಹೊಸ್ತಿಲು ದಾಟಿತ್ತು. ಆಮೇಲೆ ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ.

"ಹೇಳ್ಬಿಟ್ರೆ ಅಪ್ಪ..." ಎಂದಳು ಮಗಳು.

"ನಂಗೊತ್ತು ಕಣೇ," ಎಂದಳು ಅಮ್ಮ. "ಆದ್ರೂ ಹೇಳು. ಎಷ್ಟು ಅಂತ ದುಡಿಸ್ತೀಯ ಅವರನ್ನ?"

ಮರುದಿನ ಬೆಳಿಗ್ಗೆ ಬನ್ನಕ್ಕ ಎಂದಿನಂತೆ ಗಲ್ಲಾದ ಹಿಂದೆ ನಿಂತಳು. ಎದುರಿಗಿದ್ದದ್ದು ಖಾಲಿ ಗಾಜಿನ ಪೆಟ್ಟಿಗೆಗಳು. ಅವನು ಕೇಳದೆ ಹೇಳುವುದು ಅವಳಿಂದ ಆಗಲಿಲ್ಲ. ಕಾದಳು. ಹೊರಗೆ ಹಾಲಿನವನ ಸೈಕಲ್ ಹೋಯಿತು. ಆಗ ಒಳಗಿನ ಕೋಣೆಯಲ್ಲಿ, ಯಾರೂ ಇಲ್ಲದಲ್ಲಿ, ಕಬ್ಬಿಣದ ಟ್ರೇ ಕಲ್ಲಿನ ಮೇಲೆ ಎಳೆದ ಸದ್ದಾಯಿತು. ಮಾವನ ಕೈಯ ಪೆನ್ನು ಕೆಳಗೆ ಬಿತ್ತು.

"ಇನ್ನೊಂದು ಟ್ರೇ ಇಡ್ಲೇನಮ್ಮಾ?"

ದನಿ ದಣಿದಿತ್ತು, ಹಿಟ್ಟಿನ ಧೂಳು ಕುಡಿದು ಒಡಕಾಗಿತ್ತು. ಅಭ್ಯಾಸಬಲಕ್ಕೆ "ಇಡಪ್ಪಾ" ನಾಲಿಗೆಯ ತುದಿಗೇ ಬಂದುಬಿಟ್ಟಿತು. ಬನ್ನಕ್ಕ ಗಲ್ಲಾದ ಅಂಚನ್ನು ಗಟ್ಟಿಯಾಗಿ ಹಿಡಿದಳು. ಅಪ್ಪ ಇನ್ನೂ ಹೋಗಿಲ್ಲವೆಂಬ ಸಂತೋಷ, ತಾನೇ ಕಳಿಸಬೇಕೆಂಬ ದುಃಖ, ಎರಡೂ ಒಟ್ಟಿಗೇ ಬಂದವು.

"ಸಾಕಪ್ಪಾ," ಎಂದಳು. "ಇವತ್ತಿಗೆ ಸಾಕು."

ಒಳಗೆ ಭಟ್ಟಿಯ ಬಾಗಿಲು ಠಣ್ಣೆಂದು ಮುಚ್ಚಿತು. ಬೆಕ್ಕು ಎದ್ದು ಮೈಮುರಿದು ಕೆಳಗೆ ಹಾರಿತು, ಯಾರ ಮುಖವನ್ನೂ ನೋಡದೆ ಬೀದಿಗೆ ಹೊರಟುಹೋಯಿತು.

ಬನ್ನಕ್ಕ ಓಡಿಹೋಗಿ ಭಟ್ಟಿ ಮುಟ್ಟಿದಳು. ಇಟ್ಟಿಗೆ ತಣ್ಣಗೆ ಕೊರೆಯುತ್ತಿತ್ತು. ಬಾಗಿಲು ತೆರೆದರೆ ಒಳಗೆ, ಕತ್ತಲಲ್ಲಿ, ಒಂದೇ ಒಂದು ಬನ್ನು. ಕೈಸುಡುವಷ್ಟು ಬಿಸಿ. ಅಷ್ಟರಲ್ಲಿ ಅಂಗಡಿಯಲ್ಲಿ ಅಧಿಕಾರಿಯ ಚಪ್ಪಲಿ ಸದ್ದು ಕೇಳಿತು. ಬನ್ನಕ್ಕ ಅದನ್ನು ಹೆಗಲ ಚೀಲದೊಳಗೆ ತುರುಕಿದಳು.

ಅಧಿಕಾರಿ ಭಟ್ಟಿಯ ಮೈಯೆಲ್ಲ ಸವರಿ ನೋಡಿ ತಲೆಯಾಡಿಸಿದಳು.

"ಈಗ ಸರಿಯಾಯ್ತು. ಕೆಲಸ ಯಾವಾಗಿಂದ ನಿಂತಿದೆ? ನಿಮ್ಮ ಬಾಯಲ್ಲೇ ಹೇಳಿ, ಬರ್ಕೋತೀನಿ."

ಚೀಲದೊಳಗಿನ ಬಿಸಿ ಬನ್ನಕ್ಕನ ಪಕ್ಕೆಗೆ ತಾಗುತ್ತಿತ್ತು. ಹೇಳಬೇಕಾದ ಉತ್ತರವನ್ನು ಮಾವ ಉರು ಹೊಡೆಸಿದ್ದ.

"ಈಗ," ಎಂದಳು. "ಈಗ ತಾನೆ ನಿಂತಿದ್ದು."

"ನೆರೆ ಬಂದ ದಿನ ಮೇಡಂ, ನೆರೆ ಬಂದ ದಿನ!" ಎಂದು ಮಾವ ನಡುವೆ ನುಗ್ಗಿದ. "ಅಪ್ಪ ಹೋದಾಗಿಂದ ಇವಳಿಗೆ ದಿನದ ಲೆಕ್ಕಾನೇ ಸಿಗ್ತಿಲ್ಲ."

ಅಧಿಕಾರಿ ಬನ್ನಕ್ಕನ ಮುಖವನ್ನೇ ಒಮ್ಮೆ ನೋಡಿದಳು. ನೆರೆಯ ದಿನವನ್ನೇ ಬರೆದು, ಸಹಿ ಹಾಕಿ ಹೊರಟಳು. ಮಾವ ಅವಳನ್ನು ಬೀಳ್ಕೊಡಲು ಬಾಗಿಲವರೆಗೆ ಹೋದ.

ಅಮ್ಮ ಆಗಲೇ ಭಟ್ಟಿಯ ಹತ್ತಿರ ಬಂದಿದ್ದಳು. ಎಲ್ಲಾದರೂ ಒಂದಿಷ್ಟು ಬಿಸಿ ಉಳಿದಿದೆಯೇನೋ ಎಂದು ಒಂದೊಂದೇ ಇಟ್ಟಿಗೆಯನ್ನು ಮುಟ್ಟುತ್ತ ಹೋದಳು. ಬನ್ನಕ್ಕ ಚೀಲದಿಂದ ಬನ್ನು ತೆಗೆದು ಅವಳ ಕೈಗಿಟ್ಟಳು. ಅಮ್ಮ ಅದನ್ನು ಮುರಿಯಲಿಲ್ಲ, ತಿನ್ನಲಿಲ್ಲ. ಎರಡೂ ಅಂಗೈಗಳ ನಡುವೆ ಹಿಡಿದುಕೊಂಡು, ಅದು ಪೂರ್ತಿ ಆರುವವರೆಗೂ ಅಲ್ಲೇ ಕೂತಿದ್ದಳು.