ಗಾಡಿ ನಿಂತ ದಿನ

ಮಿಸ್ತ್ರಿ ಓಬಳೆಪ್ಪನ ಹೆಣವನ್ನು ಪಡಸಾಲೆಯ ಬಾಗಿಲ ಪಕ್ಕದ ಗೋಡೆಗೆ ಆನಿಸಿ ಕೂಡಿಸಿ, ಗದ್ದಕ್ಕೆ ಬಟ್ಟೆ ಬಿಗಿಯುತ್ತಿದ್ದಾಗಲೇ ಅವನು ದುಡಿಯುತ್ತಿದ್ದ ಕೊಪ್ಪಳದ ಪ್ರಯಾಣಿಕರ ಮೋಟಾರು ಬಂದು ಮನೆಯ ಮುಂದೆ ನಿಂತಿತು. ಗಂಟು ಹಾಕುತ್ತಿದ್ದ ಹೆಂಡತಿ ಹುಲಗೆಮ್ಮ ತಿರುಗಿ ನೋಡಲಿಲ್ಲ. ಆ ಇಂಜಿನ್ನಿನ ಸದ್ದು ಅವಳಿಗೆ ಗಂಡನ ಕೆಮ್ಮಿನಷ್ಟೇ ಪರಿಚಿತ.

ಮೊದಲು ಮೋಟಾರಿನ ಮಾಲೀಕ ದೇವೇಂದ್ರಪ್ಪ ಇಳಿದ. ಹಿಂದೆಯೇ, ಕೊಪ್ಪಳದಲ್ಲಿ ಹಮಾಲಿ ಮಾಡುತ್ತಿದ್ದ ಓಬಳೆಪ್ಪನ ತಮ್ಮ ಕಾಳಪ್ಪ ಬಾಯಿ ಬಡಿದುಕೊಳ್ಳುತ್ತ ಇಳಿದ. ಡ್ರೈವರ್ ಉಮರಸಾಬ ಗಾಡಿಯ ಹತ್ತಿರವೇ ನಿಂತ.

ದೇವೇಂದ್ರಪ್ಪ ಹಾರ ಹಾಕಿ ಕೈಮುಗಿದ. "ಬಂಗಾರದಂಥ ಮನಿಷಾ. ನಮ್ಮ ಗಾಡಿ ಇವನ ಕೈಯಾಗ ಬದುಕಿತ್ತು," ಎಂದು ಶಲ್ಯದಿಂದ ಕಣ್ಣೊರೆಸಿಕೊಂಡ. ಆಮೇಲೆ ಬೀದಿಯ ಕಡೆ ನೋಡಿದ. ಇಂಜಿನ್ನಿನ ಅಡಿಯಿಂದ ಎಣ್ಣೆ ತೊಟ್ಟಿಕ್ಕಿ ಮಣ್ಣು ಕರ್ರಗಾಗುತ್ತಿತ್ತು.

"ಹುಲಗೆವ್ವಾ, ಹೊತ್ತಲ್ಲದ ಹೊತ್ತಿನ್ಯಾಗ ಕೇಳ್ತೀನಿ, ತಪ್ಪ ತಿಳಕೋಬ್ಯಾಡ. ಓಬಳೆಪ್ಪ ಬೂಚಿನ ಪ್ಯಾಕಿಂಗ್ ಕೊಯ್ದಿಟ್ಟಿದ್ನಲ್ಲ, ಎಲ್ಲೈತಿ?"

ಅಳುತ್ತಿದ್ದ ಹೆಂಗಸರು ತಲೆಯೆತ್ತಿ ಅವನನ್ನು ನೋಡಿದರು.

"ಹೆಂಗೂ ಇವತ್ತ ಗಾಡಿ ನಿಂತೈತಿ," ಎಂದ ದೇವೇಂದ್ರಪ್ಪ. "ಹಾಕಿಬಿಟ್ರ ಒಂದು ಕೆಲಸ ಮುಗೀತೈತಿ."

*

ಎಣ್ಣೆ ಸೋರತೊಡಗಿದ್ದು ಬೇಸಿಗೆಯಲ್ಲಿ. ಇಂಜಿನ್ನಿಗೂ ಅದರ ತಳದ ಎಣ್ಣೆತಟ್ಟೆಗೂ ನಡುವೆ ಕೂರುವ ಪ್ಯಾಕಿಂಗ್ ಒಣಗಿ ಬಿರಿದಿತ್ತು. ಯುದ್ಧ ಶುರುವಾದ ಮೇಲೆ ಮುಂಬಯಿಯಿಂದ ಸಾಮಾನು ಬರುತ್ತಿರಲಿಲ್ಲ. ಓಬಳೆಪ್ಪ ಯಾರ್ಯಾರದೋ ಕಾಲು ಹಿಡಿದು ಬಾಟಲಿಯ ಬಿರಡೆಯಂಥ ಮೆತ್ತನೆಯ ಒಂದು ಬೂಚಿನ ಹಾಳೆ ತಂದ. ಅದೇ ಅಳತೆಯ ಹಳೆಯ ಎಣ್ಣೆತಟ್ಟೆಯೊಂದನ್ನು ಮನೆಗೆ ಹೊತ್ತು ತಂದು, ಅದರ ಅಂಚಿನ ಮೇಲೆ ಹಾಳೆ ಹಾಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಗುರುತು ಮೂಡಿಸಿ ಕೊಯ್ದ. ಹಾಳೆ ಸರಿಯದಂತೆ ಹಿಡಿದವಳು ಹುಲಗೆಮ್ಮ. ಸುತ್ತಿಗೆ ಅವಳ ಬೆರಳ ಪಕ್ಕದಲ್ಲೇ ಬೀಳುತ್ತಿತ್ತು, ಒಮ್ಮೆಯೂ ತಾಗಲಿಲ್ಲ.

"ಹಳೇದನ್ನ ಕೆರಿಯೂದ ದೊಡ್ಡ ಕೆಲಸ ನೋಡು," ಅನ್ನುತ್ತಿದ್ದ. "ಒಂದು ಚೂರು ಉಳಿದ್ರೂ ಅಲ್ಲಿಂದ ಸೋರತೈತಿ. ಬೋಲ್ಟನೂ ಹಂಗ. ಸಿಟ್ಟಿಲೆ ಬಿಗದ್ರ ಬೂಚು ನುಜ್ಜಾಗತೈತಿ. ಎದರಾ ಬದರಾ, ಚೂರ ಚೂರ ಬಿಗೀಬೇಕು."

ಅದಕ್ಕೆ ಗಾಡಿ ಒಂದು ದಿನ ನಿಲ್ಲಬೇಕಿತ್ತು. ಓಬಳೆಪ್ಪ ಕೇಳಿದಾಗಲೆಲ್ಲ ದೇವೇಂದ್ರಪ್ಪನದು ಒಂದೇ ಮಾತು: "ಮಂದೀನ ಬಿಟ್ಟು ಗಾಡಿ ನಿಲ್ಲಸಂಗಿಲ್ಲ. ಸಬಕಾರ ಮೆತ್ತಿ ನಡಸು."

ಹಾಗಾಗಿ ಓಬಳೆಪ್ಪ ಗಾಡಿಯ ಜೊತೆಗೇ ತಿರುಗಿದ. ಸೋರಿದಲ್ಲೆಲ್ಲ ಕೆಳಗೆ ನುಸುಳಿ ಸಾಬೂನು ಮೆತ್ತಿದ. ಮಳೆ ಹಿಡಿಯಿತು, ಜ್ವರವೂ ಬಂತು. ಹುಲಗೆಮ್ಮ ಬಾಗಿಲಿಗೆ ಅಡ್ಡ ನಿಂತಳು.

"ನಾ ಹೋಗದಿದ್ರ ಎಣ್ಣಿ ತೀರಿ ಇಂಜಿನ್ ಹಿಡಕೋತೈತಿ. ಅಡವ್ಯಾಗ ಮಂದಿ ಏನ್ ಮಾಡಬೇಕು?" ಎಂದು ಅವಳನ್ನು ಸರಿಸಿ ಹೋದ.

ಹನುಮಸಾಗರದ ದಾರಿಯ ಕೆಸರಿನಲ್ಲಿ ಗಾಡಿಯ ಕೆಳಗೆ ಅಂಗಾತ ಮಲಗಿದವನು ಮರಳಿ ಬಂದಾಗ ನಡುಗುತ್ತಿದ್ದ. ಎದೆಯಲ್ಲಿ ಕಫ ಕಟ್ಟಿತು, ಮಳೆ ಬಿಟ್ಟು ನೆಲ ಒಣಗಿದರೂ ಮತ್ತೆ ಏಳಲಿಲ್ಲ. ದೇವೇಂದ್ರಪ್ಪ ನೋಡಲು ಬರಲಿಲ್ಲ. ಕೆಲಸಕ್ಕೆ ಯಾವಾಗ ಬರುತ್ತಾನೆ ಎಂದು ಕೇಳಿ ಕಳಿಸಿದ್ದ, ಅಷ್ಟೆ.

*

"ಕೊಡಂಗಿಲ್ರಿ ಸಾವಕಾರ್ರ," ಎಂದಳು ಹುಲಗೆಮ್ಮ. "ಅವರು ಕೇಳಿದಾಗ ನಿಮ್ಮ ಗಾಡಿಗೆ ಬಿಡುವಿರಲಿಲ್ಲ. ಈಗ ಅವರ ಜೋಡಿ ಅದೂ ಮಣ್ಣಿಗೆ ಹೋಗ್ಲಿ."

ದೇವೇಂದ್ರಪ್ಪ ಕಾಳಪ್ಪನ ಮುಖ ನೋಡಿದ. ಕಾಳಪ್ಪ ನೆಲ ನೋಡಿದ.

"ಅತ್ತಿಗಿ, ಹಠ ಮಾಡಬ್ಯಾಡ. ಸಾವಕಾರ್ರು ಅಣ್ಣನ ಜಾಗಾಕ್ಕ ನನ್ನ ತಗೋತೀನಿ ಅಂದಾರ."

"ನಿಮ್ಮಣ್ಣ ಇನ್ನಾ ಜಾಗಾ ಬಿಟ್ಟಿಲ್ಲೋ," ಎಂದಳು ನೆರೆಮನೆಯ ಮುದುಕಿ ಪಕ್ಕೀರವ್ವ. "ಅಲ್ಲೇ ಕುಂತಾನ, ಅವನ್ನ ಕೇಳು."

ಕಾಳಪ್ಪ ಕೇಳಲಿಲ್ಲ. ಹೆಣವನ್ನು ದಾಟಿಕೊಂಡೇ ಒಳಗೆ ಹೋಗಿ, ಗೂಟಕ್ಕೆ ತೂಗುಹಾಕಿದ್ದ ಪ್ಯಾಕಿಂಗ್ ತಂದು ಉಮರಸಾಬನ ಕೈಗೆ ಕೊಟ್ಟ.

"ಮಾಫ್ ಮಾಡ್ರಿ ಅಕ್ಕಾ," ಎಂದ ಉಮರಸಾಬ. "ನನ್ನ ಹೊಟ್ಟೀನೂ ಆ ಗಾಡ್ಯಾಗ ಐತಿ."

ಹೊರಗೆ ಕೆಲಸ ಶುರುವಾಯಿತು. ಹೆಣದ ಮುಂದೆ ಕೂತ ಭಜನೆಯವರು ಉಸಿರಿಗೆಂದು ಹಾಡು ನಿಲ್ಲಿಸಿದಾಗಲೆಲ್ಲ ಬೋಲ್ಟು ಬಿಚ್ಚುವ ಪಾನಾದ ಸದ್ದು ಕೇಳುತ್ತಿತ್ತು. ಮಣ್ಣಿಗೆ ಬಂದವರಲ್ಲಿ ಅರ್ಧ ಜನ ಗಾಡಿಯ ಸುತ್ತ ನೆರೆದರು. ಹುಲಗೆಮ್ಮ ಗಂಡನ ಮಗ್ಗುಲಲ್ಲಿ ಕೂತು ಎಲ್ಲವನ್ನೂ ನೋಡಿದಳು. ಉಮರಸಾಬ ಹಳೆಯದನ್ನು ಚೂರೂ ಬಿಡದೆ ಕೆರೆದ. ಬೂಚಿನ ಎರಡೂ ಮೈಗೆ ಅರಗು ಸವರಿದ. ಕಾಳಪ್ಪ ಅಂಗೈಯಲ್ಲಿ ತಟ್ಟೆ ಎತ್ತಿ ಹಿಡಿದ. ಉಮರಸಾಬ ಎದುರುಬದುರು ಬೋಲ್ಟುಗಳನ್ನು ಚೂರುಚೂರೇ ಬಿಗಿದ. ತಪ್ಪು ಹುಡುಕಲು ಕೂತವಳಿಗೆ ಒಂದೂ ಸಿಗಲಿಲ್ಲ.

ಹೊತ್ತು ವಾಲಿದ ಮೇಲೆ ಎಣ್ಣೆ ಸುರಿದು ಇಂಜಿನ್ ಹಚ್ಚಿದರು. ದೇವೇಂದ್ರಪ್ಪ ಬಗ್ಗಿ ನೋಡಿದ. ಒಂದು ಹನಿಯೂ ಇಳಿಯಲಿಲ್ಲ.

"ಶಾಬಾಸ್," ಎಂದ, ಯಾರಿಗೋ.

ಆಮೇಲೆ ಹೆಣ ಎತ್ತಿದರು. ಸಿದಿಗೆಯಲ್ಲಿ ಕೂಡಿಸಿದ ಓಬಳೆಪ್ಪ ಊರಾಚೆಯ ಸ್ಮಶಾನದ ದಾರಿ ಹಿಡಿದ. ಓಣಿ ದಾಟಿ ಕೊಪ್ಪಳದ ರಸ್ತೆಗೆ ಬಂದಾಗ ಹಿಂದೆ ಹಾರನ್ ಕೇಳಿಸಿತು. ಹೊತ್ತವರು ಬದಿಯ ಜಾಲಿಮುಳ್ಳಿಗೆ ಸರಿದರು. ಹಿಂದೆ ಹೆಗಲು ಕೊಟ್ಟಿದ್ದ ಕಾಳಪ್ಪ ಒಂದು ಗಳಿಗೆ ತಡವರಿಸಿದ.

"ಬಾರಲೇ, ಹೊತ್ತಾತು!" ಎಂದು ಗಾಡಿಯಿಂದ ದೇವೇಂದ್ರಪ್ಪನ ದನಿ ಬಂತು.

ಕಾಳಪ್ಪ ಹೆಗಲು ತಪ್ಪಿಸಿ ಓಡಿ ಮೆಟ್ಟಿಲಿಗೆ ಜೋತುಬಿದ್ದ. ಮೋಟಾರು ಮುಂದೆ ಹೋಯಿತು. ಸಿದಿಗೆ ಹಿಂದಕ್ಕೆ ಕುಸಿಯಿತು. ಹುಲಗೆಮ್ಮ ಸೆರಗು ನಡುವಿಗೆ ಸಿಕ್ಕಿಸಿ, ಬೇಡ ಬೇಡ ಎಂದವರನ್ನು ನೂಕಿ, ಬಿದಿರಿನ ಕೆಳಗೆ ಹೆಗಲು ಕೊಟ್ಟಳು. ಧೂಳಿನಲ್ಲಿ ಮುಂದಿನವರು ಕಾಣಿಸಲಿಲ್ಲ. ಮೇಲೆ ಓಬಳೆಪ್ಪನ ತಲೆ ಅವಳ ಕಡೆಗೆ ವಾಲಿತು.