ಹಬ್ಬದ ದಿನ ಕಾಗೆ ಮುಟ್ಟಿತು

ರಂಗೂಬಾಯಿಯ ಬಾಯಿ ಜೋರು, ಮಡಿ ಅದಕ್ಕಿಂತ ಜೋರು ಎಂದು ಸದಾಶಿವ ಪೇಠೆಯ, ಹತ್ತಾರು ಬಿಡಾರಗಳ ನಮ್ಮ ವಾಡೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ, ಸುಳ್ಳೇನಲ್ಲ. ನಾನು ಮಡಿಯಲ್ಲಿದ್ದರೆ ಬೆಕ್ಕು ಕೂಡ ಗೋಡೆ ಹಿಡಿದು ಹೋಗುತ್ತದೆ. ಮಗನ ನೌಕರಿಯ ಬೆನ್ನು ಹತ್ತಿ ಧಾರವಾಡ ಬಿಟ್ಟು ಪುಣೆಗೆ ಬಂದೆ. ನೀರು ಬದಲಾಯಿತು, ನಾನು ಬದಲಾಗಲಿಲ್ಲ.

ಸೊಸೆ ನರ್ಮದಾ ಮಾತ್ರ ಬಂಗಾರ. ಅವಳೆದುರಿಗೆ ಹಾಗೆ ಹೇಳುವುದಿಲ್ಲ. ತಲೆಯ ಮೇಲೆ ಕೂತಾಳು! ಜಾರ್ಜ್ ಬಾದಶಹ ತೀರಿಕೊಂಡ ವರ್ಷ ಅವಳ ಐದನೆಯ ಬಾಣಂತನ. ನೆತ್ತರು ಹೋಗಿ ಹೋಗಿ ಹುಡುಗಿ ಹತ್ತಿಯ ಹಾಗೆ ಬೆಳ್ಳಗಾಗಿಬಿಟ್ಟಳು. ನಮ್ಮ ಓಣಿಯ ಡಾಕ್ಟರೀಣಬಾಯಿ ಪಕ್ಕ ಬಿಡದೆ ಕೂತು ಉಳಿಸಿದರು. ಅವರು ಬೆಳಗಾವಿಯ ಕಡೆಯವರು. ಕೈ ತೊಳೆಯುತ್ತ ನನಗೆ ಹೇಳಿದರು: "ರಂಗೂಬಾಯಿ, ಇನ್ನೊಮ್ಮೆ ಬಸರಾದ್ರ ಈಕಿ ಉಳಿಯೂದಿಲ್ಲ. ಆವಾಗ ನನ್ನ ಕರೀಲಿಕ್ಕೆ ಬರಬ್ಯಾಡ್ರಿ."

ನನ್ನ ಮಗಳು ಶಾಮಲಾ ದೌಂಡದ ರೇಲ್ವೆ ಚಾಳಿನಲ್ಲಿ ಹೀಗೆಯೇ ಹೋಗಿದ್ದಳು. ನಾನು ರೈಲು ಇಳಿದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಮನೆಯಲ್ಲಿ ಕೂಸಿನ ಅಳು ಒಂದೇ ಕೇಳುತ್ತಿತ್ತು. ಅದನ್ನು ಇನ್ನೊಂದು ಸಲ ನೋಡುವ ಶಕ್ತಿ ನನಗಿರಲಿಲ್ಲ.

ಮಗ ಬಿಂದುಮಾಧವನಿಗೆ ಹೇಳಿದೆ. ಪೋಸ್ಟಾಫೀಸಿನ ಕಾರಕೂನ ಅವನು. ಸಾಹೇಬನೆದುರು ಇಂಗ್ಲಿಷಿನಲ್ಲಿ ವಾದಿಸುತ್ತಾನಂತೆ. ಅಂದು ಮಾತ್ರ ಕಿವಿ ಕೆಂಪಗೆ ಮಾಡಿಕೊಂಡು, "ಅವ್ವಾ, ಅದೆಲ್ಲಾ ದೇವರು ಇಟ್ಟಂಗ" ಎಂದ.

"ದೇವರು ಇಡ್ತಾನಪಾ. ಹೊರಾಕಿ ಯಾರು? ನೀ ಏನು?"

ಟೊಪ್ಪಿಗೆ ಹಾಕಿಕೊಂಡು ಆಫೀಸಿಗೆ ಹೊರಟುಬಿಟ್ಟ. ಅಂದು ಆದಿತ್ಯವಾರ.

ಕಡೆಗೆ ನಾನೇ ಸೊಸೆಯನ್ನು ಕರೆದುಕೊಂಡು ಹೋದೆ. ಡಾಕ್ಟರೀಣಬಾಯಿ ಬಾಗಿಲು ಹಾಕಿ, ಬಳೆಗಾರ ಬಳೆ ಹರವಿದಂತೆ ಮೇಜಿನ ಮೇಲೆ ಬಸುರು ತಡೆಯುವ ಸಾಮಾನು ಹರವಿದರು. ಇದು ಗಂಡಸರಿಗೆ, ಇದು ಹೆಂಗಸರಿಗೆ, ಇದು ಔಷಧ ಹಚ್ಚುವ ಸ್ಪಂಜು. ನರ್ಮದಾ ನಾಚಿ ನೆಲ ನೋಡಿದಳು. ನಾನು ಕನ್ನಡಕ ಏರಿಸಿದೆ.

"ಇದು ಎದರದ್ರಿ?"

"ಕುರಿ ಕರುಳಿಂದು. ಗಂಡಸರು ಹಾಕ್ಕೊಳ್ಳೂದು."

"ರಾಮ ರಾಮ! ಆಚೆ ಸರಸ್ರಿ ಅದನ್ನ! ಈ ಬಟ್ಟಲದಂಥಾದ್ದು? ಇದೂ ಚರ್ಮದ್ದೇನು?"

"ಅಲ್ರಿ, ರಬ್ಬರಿಂದು. ಗಿಡದ ಹಾಲಿಂದ ಮಾಡ್ತಾರ. ಹೆಂಗಸರು ಒಳಗ ಇಟ್ಕೊಳ್ಳೂದು."

"ಗಿಡದ ಹಾಲು? ಹಂಗಾರ ಮಡೀಗೆ ನಡೀತದ! ನಮ್ಮ ಮನೀಗೆ ಇದ ಇರಲಿ" ಎಂದೆ.

ಡಾಕ್ಟರೀಣಬಾಯಿ ಸೊಂಟದ ಮೇಲೆ ಕೈ ಇಟ್ಟರು. "ಸೀರಿ ಆರಿಸ್ಲಿಕ್ಕೆ ಬಂದೀರೇನ್ರಿ? ಮೈ ಆಕೀದು, ಆಕೀನ ಆರಿಸ್ಲಿ. ನೀವು ಸ್ವಲ್ಪ ಬಾಯಿ ಮುಚ್ಕೊಂಡು ಕೂಡ್ರಿ."

ಪುಣೆಯಲ್ಲಿ ನನಗೆ ಹಾಗೆ ಹೇಳಿದವರು ಅವರೊಬ್ಬರೇ. ಸಿಟ್ಟು ನೆತ್ತಿಗೇರಿತು, ನುಂಗಿಕೊಂಡು ಕೂತೆ. ನರ್ಮದಾ ಮೆಲ್ಲಗೆ ಒಂದೊಂದನ್ನೇ ಕೈಗೆತ್ತಿಕೊಂಡು ಕೇಳತೊಡಗಿದಳು. ನೋವಾಗುತ್ತದೆಯೇ, ತೊಳೆಯುವುದು ಹೇಗೆ, ಮಕ್ಕಳ ಕೈಗೆ ಸಿಗದ ಹಾಗೆ ಇಡುವುದು ಎಲ್ಲಿ. ನೆಲ ನೋಡುತ್ತಿದ್ದವಳ ತಲೆ ಯಾವಾಗ ಮೇಲೆದ್ದಿತೋ ನನಗೇ ತಿಳಿಯಲಿಲ್ಲ.

"ಇದನ್ನ ಇಟ್ಕೊಳ್ಳಿಕ್ಕೆ ಪ್ರತೀಸಲ ಮನಿಯವರನ್ನ ಕೇಳಬೇಕೇನ್ರಿ?"

"ಬ್ಯಾಡವಾ. ಪೂರಾ ನಿನ್ನ ಕೈಯಾಗಿಂದು. ಆದ್ರ ನೂರಕ್ಕ ನೂರು ಅಂತ ನಾ ಹೇಳೂದಿಲ್ಲ."

"ಹಂಗಾರ ಇದ ಕೊಡ್ರಿ" ಎಂದು ಆ ರಬ್ಬರ್ ಬಟ್ಟಲನ್ನೇ ಹಿಡಿದಳು.

"ನೋಡ್ರಿ, ನಾ ಹೇಳಿದ್ದ ಆರಿಸಿದಳು!" ಎಂದೆ.

"ಅತ್ಯಾ, ನೀವು ಮಡಿ ನೋಡಿದ್ರಿ. ನಾ ನನ್ನ ಜೀವಾ ನೋಡಿದೆ."

ಅವಳು ನನಗೆ ಎದುರುತ್ತರ ಕೊಟ್ಟದ್ದು ಅದೇ ಮೊದಲು. ನನಗೋ, ಯಾಕೋ ಏನೋ, ಭಾರಿ ಖುಷಿಯಾಯಿತು.

ನಮ್ಮಲ್ಲಿ ಹೆಂಗಸರು ತಿಂಗಳಿಗೊಮ್ಮೆ ಮೂರು ದಿನ ಹೊರಗೆ ಕೂಡಬೇಕು. ಏನನ್ನೂ ಮುಟ್ಟುವಂತಿಲ್ಲ. ಕಾಗೆ ಮುಟ್ಟಿತು ಎಂದರೆ ಇಡೀ ವಾಡೆಗೇ ಗೊತ್ತು. ಮೊದಲು ಬಸುರು, ಬಾಣಂತನಗಳ ನಡುವೆ ನರ್ಮದಾ ಹಿತ್ತಲ ಪಡಸಾಲೆಯಲ್ಲಿ ಕೂತದ್ದೇ ಅಪರೂಪ. ಈಗ ಕೂಸು ಹಾಲು ಬಿಟ್ಟ ಮೇಲೆ ತಿಂಗಳು ತಿಂಗಳೂ ಕೂಡತೊಡಗಿದಳು. ಒಲೆಯ ಮುಂದೆ ನನ್ನ ಸೊಂಟ ಬಿದ್ದುಹೋಗುತ್ತಿತ್ತು. ಬೀಳಲಿ! ಅಲ್ಲಿ ಅವಳು ಕಾಲು ಚಾಚಿ ಮಾಸಪತ್ರಿಕೆ ಓದುವುದನ್ನು ಕಂಡರೆ ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು.

ಭಾದ್ರಪದ ಬಂತು. ಕಾಗೆ ಬರಲಿಲ್ಲ.

ನರ್ಮದೆಯ ತಟ್ಟೆಯಲ್ಲಿ ಅನ್ನ ಉಳಿಯತೊಡಗಿತು, ನನ್ನ ಕೈಯಲ್ಲಿ ಸಾರಿಗೆ ಉಪ್ಪು ಎರಡೆರಡು ಸಲ ಬೀಳತೊಡಗಿತು. ಹರಕೆ ಹೊರೋಣವೆಂದರೆ ನಮ್ಮ ಓಣಿಯ ದೇವರು ಮಾರುತಿ. ಬ್ರಹ್ಮಚಾರಿಯ ಮುಂದೆ ಇಂಥ ಮಾತು ಆಡುವುದು ಹೇಗೆ? ಜೋಗೇಶ್ವರಿಯ ಗುಡಿಗೇ ಹೋದೆ. "ತಾಯಿ, ನೀನೂ ಹೆಂಗಸು. ನಾಚಿಕಿ ಬಿಟ್ಟು ಕೇಳ್ತೀನಿ, ನನ್ನ ಸೊಸೀನ್ನ ಹೊರಗ ಕೂಡಸು" ಎಂದು ಗಟ್ಟಿಯಾಗಿಯೇ ಬೇಡಿಕೊಂಡೆ. ಪೂಜಾರಿ ನನ್ನನ್ನೇ ನೋಡಿದ. ಅವನಿಗೆ ಕನ್ನಡ ಬಾರದ್ದು ನನ್ನ ಪುಣ್ಯ.

ಮಹಾಲಕ್ಷ್ಮಿಯ ಹಬ್ಬ ಬಂತು. ಮುತ್ತೈದೆಯರಿಗೆ ಊಟಕ್ಕೆ ಹೇಳಿಯಾಗಿತ್ತು. ವಿಧವೆ ನಾನು ಪೂಜೆಗೆ ಕೂಡುವಂತಿಲ್ಲ, ನರ್ಮದಾ ಕೂಡಬೇಕು. ನಾನು ಮಡಿಯಲ್ಲಿ ಹೋಳಿಗೆಯ ಹೂರಣ ರುಬ್ಬುತ್ತಿದ್ದೆ. ಮೇಲಂತಸ್ತಿನ ಭಾಮಾ, ಅವಳೂ ಧಾರವಾಡದ ಕಡೆಯವಳು, ಬಾಗಿಲಲ್ಲಿ ಕೂತು ಹೂ ಕಟ್ಟುತ್ತಿದ್ದಳು. ಆಗ ಹಿತ್ತಲ ಕಡೆಯಿಂದ ನರ್ಮದೆಯ ದನಿ ಕೇಳಿತು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯುವಂತಿರಲಿಲ್ಲ.

"ಅತ್ಯಾ, ಸನೇಕ ಬರಬ್ಯಾಡ್ರಿ. ಕಾಗಿ ಮುಟ್ಟ್ಯದ."

ಭಾಮಾ ಹಣೆ ಬಡಿದುಕೊಂಡಳು. "ಅಯ್ಯ ನನ ದೇವರ! ಹಬ್ಬದ ದಿನಾನ? ಇನ್ನ ಪೂಜಾ ಯಾರು ಮಾಡಬೇಕು?"

ನಾನು ಎದ್ದದ್ದು ಯಾವಾಗ, ಓಡಿದ್ದು ಯಾವಾಗ? ಹೂರಣದ ಕೈಯಲ್ಲೇ ಸೊಸೆಯನ್ನು ಬಾಚಿ ತಬ್ಬಿಕೊಂಡಿದ್ದೆ.

"ಅತ್ಯಾ, ಮಡಿ! ಮಡಿ!" ಎಂದು ಅವಳು ಕೂಗಿಕೊಂಡಳು.

"ಮಡಿ ಮನಿ ಹಾಳಾಗ್ಲಿ! ಬದುಕಿದಿ ನನ್ನವ್ವಾ, ಬದುಕಿದಿ!"

ಅವಳ ಮೈ ಬೆಚ್ಚಗಿತ್ತು. ಶಾಮಲೆಯನ್ನು ನಾನು ಕಡೆಯ ಸಲ ತಬ್ಬಿಕೊಂಡಾಗ ಮೈ ತಣ್ಣಗಿತ್ತು. ಇಬ್ಬರೂ ಒಟ್ಟಿಗೆ ಅತ್ತೆವು, ಅಳುತ್ತಲೇ ನಕ್ಕೆವು. ಅವಳ ಕುಪ್ಪಸದ ತುಂಬ ಹೂರಣ ಮೆತ್ತಿತ್ತು.

ಆಮೇಲೆ ಆ ಹೂರಣವೆಲ್ಲ ಆಕಳ ಪಾಲಾಯಿತು. ನಾನು ತಣ್ಣೀರು ಸುರಿದುಕೊಂಡು, ಮತ್ತೆ ಮಡಿಯುಟ್ಟು, ಮತ್ತೆ ಬೇಳೆ ಬೇಯಿಸಿದೆ. ಪೂಜೆಗೆ ಭಾಮಾಳನ್ನೇ ಕೂಡಿಸಿದೆ. ಮುತ್ತೈದೆಯರು ಹಸಿದು ಗೊಣಗಿದರು. ಹೆಂಚಿನಿಂದ ಮೊದಲ ಹೋಳಿಗೆ ಇಳಿಯಿತು. ಬಾಳೆ ಎಲೆಗೆ ಹಾಕಿ, ತುಪ್ಪ ಸುರಿದು, ಹಿತ್ತಲ ಪಡಸಾಲೆಗೆ ಹೊರಟೆ.

ಭಾಮಾ ಬಾಯಿ ತೆರೆದಳು. "ರಂಗೂಬಾಯಿ! ದೇವಿಗೆ ನೈವೇದ್ಯ ಆಗೋಕಿಂತ ಮೊದ್ಲ?"

"ದೇವಿಗೆ ಎಲ್ಲಾ ಗೊತ್ತದ. ಬೇಡಿಕೊಂಡಾಕಿ ನಾನು, ಕೊಟ್ಟಾಕಿ ಆಕಿ. ನೀ ಹೂ ಏರಸು" ಎಂದೆ.